ಬೆನ್ನು ತೋರಿಸಿ ಕೂತವಳು

ಹಾಲಿವುಡ್,
೧೨ ಫೆಬ್ರವರಿ ೧೯೩೩

ತಂಗಿ ಮಿರ್ಸೀನಿಗೆ ಅಣ್ಣ ಸ್ತ್ರಾತಿಸ್ ಮಾಡುವ ಆಶೀರ್ವಾದಗಳು.

ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಪತ್ರವನ್ನು ಬುಡದಿಂದ ಓದುತ್ತೀಯ. ನನ್ನನ್ನು ಮುಖ್ಯ ಛಾಯಾಗ್ರಾಹಕ ಮಾಡಿದ್ದಾರೆ. ಇಷ್ಟು ವರ್ಷ ಬೇರೆಯವರ ಕ್ಯಾಮರಾ ಹೊತ್ತೆ, ಇನ್ನು ನನ್ನ ಕ್ಯಾಮರಾ ಬೇರೆಯವರು ಹೊರುತ್ತಾರೆ. ಪರದೆಯ ಮೇಲೆ ಹೆಸರೂ ಬರುತ್ತದೆ. ಆದರೆ ನಮ್ಮ ಮನೆತನದ ಹೆಸರನ್ನು ಕಂಪನಿಯವರು ಅರ್ಧಕ್ಕೆ ಕತ್ತರಿಸಿದರು. "ಇಷ್ಟುದ್ದ ಹಾಕಿದ್ರೆ ಜನ ಓದಿ ಮುಗಿಸೋ ಹೊತ್ತಿಗೆ ಸಿನಿಮಾನೇ ಮುಗಿದಿರುತ್ತೆ ಕಣಯ್ಯ" ಅಂದರು.

ದೀಪದ ಕೆಲಸದವರು ನನ್ನನ್ನು ಕರೆಯುವುದು 'ಎಣ್ಣೆ' ಅಂತ. ಬುತ್ತಿಯ ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದುಕೊಂಡು ತಿನ್ನುವುದನ್ನು ಕಂಡು ಇಟ್ಟ ಹೆಸರು. ಮೊನ್ನೆ ಒಬ್ಬ ಮೇಲಿನಿಂದ ಕೂಗಿದ: "ಏ ಎಣ್ಣೆ, ಇರೋಬರೋ ದೀಪ ಎಲ್ಲಾ ಆರಿಸಿ ಒಂದಕ್ಕೇ ಬಟ್ಟೆ ಕಟ್ಕೊಂಡು ಕೂತಿದ್ದೀಯಲ್ಲ, ಇದನ್ನ ನಿಮ್ಮಪ್ಪ ಹೇಳಿಕೊಟ್ನಾ?" ಹೌದು ಅಂದೆ. ನಿಜ ತಾನೆ? ಊರಿನ ನಮ್ಮ ಫೋಟೋ ಸ್ಟುಡಿಯೋದ ಗಾಜಿನ ಮಾಡು, ಒಂದು ಬಿಳಿ ಪರದೆ, ಅದನ್ನು ಎಳೆಯಲು ನಾನು, "ಸಾವಕಾಶ, ಸಾವಕಾಶ" ಅನ್ನಲು ಅಪ್ಪ. ಇಲ್ಲಿ ಅದನ್ನೇ ಮಾಡುತ್ತಿದ್ದೇನೆ. ಅಪ್ಪನ ಜಾಗದಲ್ಲಿ ಯಾರೂ ಇಲ್ಲ ಅಷ್ಟೆ.

ನಾಯಕಿಯನ್ನು ದೀಪಗಳ ಕೆಳಗೆ ಕಾಯಿಸುವಂತಿಲ್ಲ. ಬಣ್ಣ ಕರಗುತ್ತದೆ, ಸಿಟ್ಟು ಏರುತ್ತದೆ. ಅದಕ್ಕೆ ಅವಳಷ್ಟೇ ಎತ್ತರದ, ಅವಳಂಥದೇ ಕೂದಲಿನ ಒಬ್ಬ ಬದಲಿ ಹುಡುಗಿ ಇರುತ್ತಾಳೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾವು ಬೆಳಕು ಹೊಂದಿಸುತ್ತೇವೆ. ಎಲ್ಲ ಸರಿಯಾದ ಮೇಲೆ ಬದಲಿ ಎದ್ದು ಹೋಗುತ್ತಾಳೆ, ನಾಯಕಿ ಬಂದು ಕೂರುತ್ತಾಳೆ. ನಾಯಕಿಯ ಮುಖ ಬೇಡದ ಕಡೆ, ದೂರದ ನೋಟಕ್ಕೆ, ಬೆನ್ನಿನ ನೋಟಕ್ಕೆ, ಬದಲಿಯನ್ನೇ ಇಟ್ಟು ಚಿತ್ರ ತೆಗೆಯುವುದೂ ಉಂಟು. ಅಗ್ಗ.

ಈಗ ನಿನ್ನ ವಿಷಯ. ಹಡಗು ಹತ್ತುವ ಮುಂಚೆ ಹಾಸಿಗೆ ಹಿಡಿದಿದ್ದ ಅಪ್ಪನ ಕೈಮೇಲೆ ಕೈಯಿಟ್ಟು ಹೇಳಿದ್ದೇನೆ: ತಂಗಿಯನ್ನು ಒಂದು ನೆಲೆ ಸೇರಿಸದೆ ನಾನು ಮದುವೆಯ ಕಿರೀಟ ತಲೆಗಿಡುವುದಿಲ್ಲ. ನಮ್ಮೂರಿನ ಗಂಡಸರೆಲ್ಲ ಹೇಳುವ ಮಾತೇ. ಬಳುವಳಿಗೆ ಮನೆಯಿದೆ, ನಾನು ಕಳಿಸಿದ್ದೂ ಇದೆ. ಸುಂಕದ ಕಚೇರಿಯ ಒಬ್ಬನನ್ನು ನೋಡಿದ್ದೇನೆ ಅಂತ ಚಿಕ್ಕಮ್ಮ ಬರೆದಿದ್ದಳು. ಏನಾಯಿತು?

ನಿನ್ನ ಅಣ್ಣ,
ಸ್ತ್ರಾತಿಸ್


ಪ್ಲೊಮಾರಿ, ಲೆಸ್ಬೋಸ್ ದ್ವೀಪ,
೨೩ ಏಪ್ರಿಲ್ ೧೯೩೩

ಅಣ್ಣಾ, ಈಸ್ಟರ್ ಹಬ್ಬದ ಶುಭಾಶಯ, ಕ್ರಿಸ್ತ ಎದ್ದಿದ್ದಾನೆ! ನೀನು ಮುಖ್ಯಸ್ಥನಾದದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಬರೀ ಚಿಕ್ಕಮ್ಮನಿಗೆ ಹೇಳಿದೆ. ಸಂಜೆಯೊಳಗೆ ಬಂದರಿನ ಬೆಕ್ಕುಗಳಿಗೂ ಗೊತ್ತಾಗಿತ್ತು.

ಸುಂಕದವನು ಬಂದಿದ್ದ. ಮೊದಲು ಗೋಡೆ ತಟ್ಟಿ ನೋಡಿದ. ಆಮೇಲೆ ಬಾವಿ ಇಣುಕಿದ. ಆಮೇಲೆ ನೆಲಮಾಳಿಗೆ. ಇನ್ನೇನೂ ನೋಡಲು ಉಳಿಯದಿದ್ದಾಗ ನನ್ನನ್ನು ನೋಡಿದ. ಗಾಜಿನ ಮಾಡಿನ ಕೆಳಗೆ ನಿಂತು, "ಇದನ್ನ ತೆಗೆಸಿ ಹಂಚು ಹಾಕಿಸಿಬಿಡೋಣ" ಅಂದ.

"ಸ್ಟುಡಿಯೋ?" ಅಂದೆ.

"ನನ್ನ ಹೆಂಡ್ತಿ ಫೋಟೋದಲ್ಲಿ ಊರವರ ಮೂತಿ ತಿದ್ದುತ್ತಾ ಕೂತ್ಕೊಳ್ಳೋದಾ?"

"ನಿಮ್ಮದನ್ನೇ ಮೊದಲು ತಿದ್ದಿಕೊಡ್ಲಾ? ಪೆನ್ಸಿಲ್ ಇಲ್ಲೇ ಇದೆ" ಅಂದೆ. ಚಿಕ್ಕಮ್ಮ ಇಟ್ಟಿದ್ದ ಸಿಹಿಯನ್ನೂ ಮುಟ್ಟದೆ ಎದ್ದು ಹೋದ. ಅದನ್ನು ನಾನೇ ತಿಂದೆ.

ಚಿಕ್ಕಮ್ಮ ಮೂರು ದಿನ ಮಾತು ಬಿಟ್ಟಳು. ಏನು ಮಾಡಲಿ ಅಣ್ಣ? ಬೆಳಿಗ್ಗೆ ಗಾಜಿನ ನೆಗೆಟಿವನ್ನು ಕಿಟಕಿಗೆ ಒರಗಿಸಿ, ಪೆನ್ಸಿಲ್ ಚೂಪು ಮಾಡಿಕೊಂಡು ಕೂತರೆ ನನಗೆ ಹಸಿವೂ ಆಗುವುದಿಲ್ಲ. ಈಗ ಕೆಲಸವೂ ಜೋರು. ಅಮೆರಿಕದ ಗಂಡುಗಳಿಗೆ ಫೋಟೋ ಕಳಿಸುವ ಹುಡುಗಿಯರೇ ಹೆಚ್ಚು. ಸಿಡುಬಿನ ಕಲೆ ಅಳಿಸುತ್ತೇನೆ, ಹುಬ್ಬು ಹಗುರ ಮಾಡುತ್ತೇನೆ. ಹಡಗಿನಿಂದ ಇಳಿದವಳನ್ನು ಕಂಡು ಅಲ್ಲಿ ಯಾವನಾದರೂ ಎದೆ ಹಿಡಿದುಕೊಂಡರೆ, ಅದು ನಿನ್ನ ತಂಗಿಯ ಕೈಚಳಕ ಅಂತ ತಿಳಿ. ದೂರದ ಬೆಟ್ಟ ನುಣ್ಣಗೆ ಮಾಡುವುದೇ ನನ್ನ ಕಸುಬು.

ನನಗೆ ಅವಸರವಿಲ್ಲ, ನಿನಗೇನು ಅವಸರ? ಅಲ್ಲಿ ನೀನೂ ಒಬ್ಬನೇ, ಇಲ್ಲಿ ನಾನೂ ಒಬ್ಬಳೇ. ಲೆಕ್ಕ ಸರಿಹೋಯಿತು.

ನಿನ್ನ ತಂಗಿ,
ಮಿರ್ಸೀನಿ


ಹಾಲಿವುಡ್,
೩೦ ಸೆಪ್ಟೆಂಬರ್ ೧೯೩೫

ತಂಗಿಗೆ ಆಶೀರ್ವಾದಗಳು.

ನಮ್ಮ ಕಂಪನಿಯ ನಾಯಕಿಗೆ ನಾವು ಇಟ್ಟ ಹೆಸರು ಮಹಾರಾಣಿ. ಈಗ ಅವಳ ಹಟವೇನೆಂದರೆ ಎಣ್ಣೆ ಇಲ್ಲದೆ ಕ್ಯಾಮರಾ ಮುಂದೆ ಬರುವುದಿಲ್ಲ. "ಉಳಿದವರು ನನ್ನ ವಯಸ್ಸಿನ ಚಿತ್ರ ತೆಗೀತಾರೆ, ಇವನೊಬ್ಬ ನನ್ನ ಚಿತ್ರ ತೆಗೀತಾನೆ" ಅಂತ ಎಲ್ಲರೆದುರು ಹೇಳಿದಳು. ಕಂಪನಿಯವರು ನನಗೆ ಗುಡ್ಡದ ಮೇಲೆ ಮನೆ ಕೊಟ್ಟಿದ್ದಾರೆ. ನಿಂಬೆ ಗಿಡವಿದೆ. ಹಣ್ಣು ಬಿದ್ದು ಬಿದ್ದು ಕೊಳೆಯುತ್ತವೆ, ಹಿಂಡಿಕೊಳ್ಳಲು ಮೀನು ಬೇಕಲ್ಲ, ಮೀನು ತಿನ್ನಲು ಎರಡನೆಯವರು ಬೇಕಲ್ಲ.

ನಿನಗೆ ಮೂವತ್ತೊಂದಾಯಿತು. ಶಾಲೆಯ ಮೇಷ್ಟರ ವಿಷಯ ಚಿಕ್ಕಮ್ಮ ಬರೆದಿದ್ದಾಳೆ. ಒಳ್ಳೆಯ ಜನವಂತೆ, ಕುಡಿಯುವುದಿಲ್ಲವಂತೆ. ಈ ಸಲ ಪೆನ್ಸಿಲ್ ತೋರಿಸಬೇಡ. ನಾನು ಕೇಳಿಕೊಳ್ಳುತ್ತಿದ್ದೇನೆ ಮಿರ್ಸೀನಿ, ಒಪ್ಪಿಕೋ. ಯಾಕೆ ಇಷ್ಟು ಅವಸರ ಅಂತ ಕೇಳಬೇಡ. ನಾನೂ ಮನುಷ್ಯ.

ಸ್ತ್ರಾತಿಸ್


ಪ್ಲೊಮಾರಿ,
೨ ಜನವರಿ ೧೯೩೬

ಅಣ್ಣನಿಗೆ,

'ನಾನೂ ಮನುಷ್ಯ' ಅಂತ ಬರೆದಿದ್ದೀಯ. ಅಂದರೆ ನಾನು ಭಾರವಾದೆ. ನೇರವಾಗಿ ಬರೆದಿದ್ದರೆ ಸಾಕಿತ್ತು, ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಆ ಊರಿನವರು ಕಲಿಸಿದರಾ? ಇನ್ನು ಹಣ ಕಳಿಸಬೇಡ. ನಾಲ್ಕು ಮುಖ ತಿದ್ದಿದರೆ ನನ್ನ ಊಟ ಆಗುತ್ತದೆ.

ಮೇಷ್ಟರೂ ಸ್ಟುಡಿಯೋದ ಬೀಗದ ಕೈ ಕೇಳಿದರು. ಕೊಡಲಿಲ್ಲ. ಒಂದು ಮಾತು ಯೋಚಿಸಿದ್ದೀಯಾ? ಈ ಮನೆ ಬಳುವಳಿಯಾಗಿ ಯಾರದೋ ಪಾಲಾದ ಮೇಲೆ, ನೀನು ಊರಿಗೆ ಬಂದರೆ ಎಲ್ಲಿ ಇಳಿಯುತ್ತೀಯ? ಭಾವಮೈದುನನ ಮನೆಗೆ ಬಂದ ನೆಂಟನ ಹಾಗೆ ಜಗಲಿಯಲ್ಲಿ ಕೂರುತ್ತೀಯಾ? ನಾನು ಅದನ್ನೂ ಯೋಚಿಸಿದ್ದೇನೆ. ನೀನು ಯೋಚಿಸಿಲ್ಲ. ಅಲ್ಲಿ ನಿನಗೆ ಗುಡ್ಡದ ಮೇಲೆ ಮನೆಯಿದೆ.

ಮಿರ್ಸೀನಿ


ಹಾಲಿವುಡ್,
೬ ಮೇ ೧೯೩೭

ತಂಗಿಗೆ,

ಹಣ ಕಳಿಸಿದ್ದೇನೆ, ಬೇಡವಾದರೆ ಚರ್ಚಿಗೆ ಹಾಕು. ಮದುವೆಯ ಮಾತು ಇನ್ನು ನಾನು ಎತ್ತುವುದಿಲ್ಲ.

ಈಸ್ಟರ್ ಹಬ್ಬಕ್ಕೆ ಮೊಟ್ಟೆಗೆ ಕೆಂಪು ಬಣ್ಣ ಹಾಕಿದೆ. ಎದುರು ನಿಂತು ಮೊಟ್ಟೆಗೆ ಮೊಟ್ಟೆ ಕುಟ್ಟಲು ಯಾರೂ ಇರಲಿಲ್ಲ. ಬಲಗೈಯದನ್ನು ಎಡಗೈಯದಕ್ಕೆ ಕುಟ್ಟಿದೆ. ಎಡಗೈ ಗೆದ್ದಿತು.

ಸ್ತ್ರಾತಿಸ್


ಪ್ಲೊಮಾರಿ,
೧೪ ನವೆಂಬರ್ ೧೯೩೯

ಅಣ್ಣಾ,

ಎರಡು ವರ್ಷದಿಂದ ನಾವು ಹಬ್ಬಕ್ಕೊಂದು ಸಾಲು ಬರೆದುಕೊಳ್ಳುತ್ತಿದ್ದೇವೆ, ಅಂಗಡಿಯವರು ಗಿರಾಕಿಗೆ ಬರೆದ ಹಾಗೆ. ಇವತ್ತು ಉದ್ದ ಬರೆಯುತ್ತೇನೆ. ಕೂತು ಓದು.

ಮಿತಿಲೀನಿ ಪಟ್ಟಣದ ಚಿತ್ರಮಂದಿರಕ್ಕೆ ನಿನ್ನ ಸಿನಿಮಾ ಬಂದಿತ್ತು. ಚಿಕ್ಕಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ನಿನ್ನ ಅರ್ಧ ಹೆಸರು ಬಂದಾಗ ಅವಳು ಎದ್ದು ನಿಂತು, "ನಮ್ಮ ಹುಡುಗ! ಇವನ ಅಂಡು ತೊಳೆದಿದ್ದು ನಾನು!" ಅಂತ ಕೂಗಿದಳು. ಹಿಂದಿನವರು, "ಸರಿ ತಾಯಿ, ಈಗ ಕೂತ್ಕೊ, ಅವನು ತೆಗೆದಿದ್ದನ್ನ ನಾವೂ ನೋಡ್ತೀವಿ" ಅಂದರು.

ಚಿತ್ರದಲ್ಲಿ ನಾಯಕಿ ನಮಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ಕೂರುತ್ತಾಳಲ್ಲ, ಗಂಡನ ಹಡಗಿಗೆ ಕಾಯುತ್ತಾ? ಅದು ನಾಯಕಿಯಲ್ಲ. ನಿನ್ನ ಮಹಾರಾಣಿಯ ಕಿವಿ ತಲೆಗೆ ಅಂಟಿಕೊಂಡಿದೆ, ಬೆನ್ನು ತೋರಿಸಿದವಳ ಕಿವಿ ಸ್ವಲ್ಪ ಹೊರಗೆ ಬಾಗಿದೆ. ಊರಿನವರ ಕಿವಿ ತಿದ್ದಿ ಬದುಕುವವಳು ನಾನು, ನನ್ನ ಕಣ್ಣು ತಪ್ಪಿಸಲು ಆಗುತ್ತದಾ? ಬದಲಿ ಹುಡುಗಿಯರ ವಿಷಯ ನೀನು ಬರೆದಿದ್ದೆ, ಹಾಗಾಗಿ ಸುಮ್ಮನಾದೆ. ಆದರೆ ಮುಂದಿನ ವಾರ ನಿನ್ನ ಹಳೆಯ ಸಿನಿಮಾ ಹಾಕಿದರು. ಒಬ್ಬಳೇ ಹೋದೆ. ಅದರಲ್ಲೂ ಅದೇ ಕಿವಿ.

ಒಂದು ಮಾತು ಹೇಳಲಾ? ನಾಯಕಿಯ ಮುಖಕ್ಕೆ ನೀನು ಕೂಲಿಗೆ ಬೆಳಕು ಹಾಕಿದ್ದೀಯ. ಆ ಕಿವಿಗೆ, ಆ ಕುತ್ತಿಗೆಯ ಎಳೆಗೂದಲಿಗೆ ಹಾಕಿದ ಬೆಳಕಿಗೆ ನಿನಗೆ ಯಾರೂ ಕೂಲಿ ಕೊಟ್ಟಿಲ್ಲ. ಬೆನ್ನು ಹಾಕಿ ಕೂತವಳಿಗೆ ಅಷ್ಟು ಸಾವಕಾಶವಾಗಿ ಯಾರು ಬೆಳಕು ಹಾಕುತ್ತಾರೆ?

ಬಸ್ಸಿನಲ್ಲಿ ವಾಪಸ್ ಬರುವಾಗ ನಿನ್ನ 'ನಾನೂ ಮನುಷ್ಯ' ನೆನಪಾಯಿತು. ದಾರಿಯುದ್ದಕ್ಕೂ ಅತ್ತೆ. ಪಕ್ಕದವಳು ವಾಂತಿ ಬರುತ್ತಿದೆ ಅಂದುಕೊಂಡು ನಿಂಬೆಹಣ್ಣು ಕೊಟ್ಟಳು.

ಯಾರು ಅಣ್ಣ ಅವಳು? ಎಷ್ಟು ವರ್ಷದಿಂದ ಕಾಯುತ್ತಿದ್ದಾಳೆ? ನನ್ನಿಂದಲೇ ಅಲ್ಲವಾ?

ಮಿರ್ಸೀನಿ


ಹಾಲಿವುಡ್,
೮ ಜನವರಿ ೧೯೪೦

ತಂಗಿ,

ನಿನ್ನ ಪತ್ರ ಓದಿ ಕಿವಿ ಮುಚ್ಚಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಹೆಲ್ಮಿ ಅಂತ. ಅವಳ ತಾಯಿತಂದೆ ಫಿನ್‌ಲೆಂಡಿನಿಂದ ಬಂದವರು. ಏಳು ವರ್ಷದಿಂದ ನನ್ನ ದೀಪದ ಕೆಳಗೆ ಹೆಣೆಯುತ್ತಾ ಕೂತಿದ್ದಾಳೆ. ಹೆಚ್ಚು ಮಾತಿಲ್ಲ, ಕಾಫಿ ಬಹಳ. ನಾನು ಬೆಳಕು ಹೊಂದಿಸುವಾಗ ಅಲ್ಲಿರುವುದು ನಾವಿಬ್ಬರೇ ಅನ್ನಿಸುತ್ತದೆ, ಸುತ್ತ ಐವತ್ತು ಜನ ಇದ್ದರೂ. ಬೆಳಕು ಸರಿಯಾಯಿತು ಅಂದ ಕೂಡಲೆ ಅವಳು ಏಳಬೇಕು. ಅದಕ್ಕೆ ನಾನು ಬೇಗ ಸರಿಯಾಯಿತು ಅನ್ನುವುದಿಲ್ಲ. ಎಣ್ಣೆ ಬಲು ನಿಧಾನ ಅಂತ ಕಂಪನಿಯಲ್ಲಿ ದೂರು.

ಒಮ್ಮೆ ಕೇಳಿದಳು: "ಸ್ತ್ರಾತಿಸ್, ನಿಮ್ಮೂರಲ್ಲಿ ತಂಗಿಗೆ ಮದುವೆ ಆಗ್ಲೇ ಇಲ್ಲ ಅಂದ್ರೆ ಅಣ್ಣಂದಿರು ಏನ್ ಮಾಡ್ತಾರೆ?"

"ಮುದುಕರಾಗ್ತಾರೆ" ಅಂದೆ. ನಕ್ಕಳು. ಎರಡನೇ ಸಲ ಕೇಳಿದಾಗ ನಗಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ಮಾರನೆಯ ದಿನವೇ ನೀನು ಸಿಕ್ಕವನಿಗೆ ಕೊರಳು ಒಡ್ಡುತ್ತಿದ್ದೆ. ಈಗಲೂ ಅದೇ ಭಯ. ನನ್ನ ಮೇಲೆ ಆಣೆ, ಹಾಗೆ ಮಾಡಬೇಡ. ಸ್ಟುಡಿಯೋ ಬಿಡಬೇಡ. ಮಾತು ಕೊಟ್ಟವನು ನಾನು, ಮುರಿಯಬೇಕಾದವನೂ ನಾನೇ. ಆ ಧೈರ್ಯ ಬರಲಿ ಅಂತ ನನ್ನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚು, ಸಾಕು.

ಬೇಗ ಬರಿ.

ಸ್ತ್ರಾತಿಸ್


(ಲಕೋಟೆಯ ಮೇಲೆ ಮುದ್ರೆ: ಅಂಚೆ ಸಂಚಾರ ನಿಂತಿದೆ. ಕಳಿಸಿದವರಿಗೆ ವಾಪಸ್ಸು.)

ಹಾಲಿವುಡ್,
೧೧ ಮೇ ೧೯೪೧

ಮಿರ್ಸೀನಿ,

ಒಂದು ವರ್ಷದ ಮೇಲಾಯಿತು, ನಿನ್ನಿಂದ ಒಂದು ಸಾಲಿಲ್ಲ. ಜರ್ಮನ್ನರು ದ್ವೀಪಕ್ಕೆ ಇಳಿದರು ಅಂತ ಪತ್ರಿಕೆಯಲ್ಲಿ ಓದಿದೆ. ಬದುಕಿದ್ದೀಯಾ? ಇದು ತಲುಪುತ್ತದೋ ಇಲ್ಲವೋ, ಬರೆಯುತ್ತಿದ್ದೇನೆ.

ಹೆಲ್ಮಿ ಹೋದಳು. ಕಳೆದ ತಿಂಗಳು. ಉತ್ತರದಲ್ಲಿ ಮರದ ಅಡ್ಡೆ ಇಟ್ಟಿರುವ ಒಬ್ಬನನ್ನು ಮದುವೆಯಾದಳು. ಒಳ್ಳೆಯವನಂತೆ. ನಾನು ಮಾತು ಮುರಿಯುತ್ತೇನೆ, ಮುರಿಯುತ್ತೇನೆ ಅಂತ ವರ್ಷ ಕಳೆದೆ. ರಾತ್ರಿ ಮುರಿಯುತ್ತಿದ್ದೆ, ಬೆಳಿಗ್ಗೆ ಅಪ್ಪನ ಕೈ ನೆನಪಾಗುತ್ತಿತ್ತು. ಹೋಗುವ ದಿನ ಅವಳು ಹೇಳಿದ್ದು ಇಷ್ಟು: "ಈ ಊರಲ್ಲಿ ನಾನು ಎಲ್ಲರಿಗೂ ಬದಲಿ. ನಿನ್ನ ಹತ್ರ ಆದ್ರೂ ನನ್ನದೇ ಒಂದು ಕುರ್ಚಿ ಸಿಗುತ್ತೆ ಅಂದ್ಕೊಂಡಿದ್ದೆ."  ಅವಳು ಹೆಣಿಗೆ ಮಡಚಿಕೊಂಡು ಎದ್ದಳು, ದಿನವೂ ಏಳುವ ಹಾಗೆ.

ಹೊಸ ಬದಲಿ ಬಂದಿದ್ದಾಳೆ, ಇಡೀ ಹೊತ್ತು ಏನನ್ನೋ ಜಗಿಯುತ್ತಾಳೆ. ಈಗ ನನ್ನ ಕೆಲಸ ಚುರುಕಾಗಿದೆ ಅಂತ ಎಲ್ಲರಿಗೂ ಖುಷಿ. ನನಗೆ ಯಾವ ಮುಖವೂ ಕಾಣುತ್ತಿಲ್ಲ ತಂಗಿ, ಬರೀ ದೀಪಗಳು ಕಾಣುತ್ತವೆ.

ಕೇಳು. ಇನ್ನು ನೀನು ನನಗೋಸ್ಕರ ಏನೂ ಮಾಡಬೇಕಾಗಿಲ್ಲ. ಯಾರನ್ನೂ ಮದುವೆಯಾಗಬೇಡ. ಗಾಜಿನ ಮಾಡಿನ ಕೆಳಗೆ ಸುಖವಾಗಿರು. ಅದೊಂದಾದರೂ ಉಳಿಯಲಿ.

ಸ್ತ್ರಾತಿಸ್


ಪ್ಲೊಮಾರಿ,
೧೮ ಮಾರ್ಚ್ ೧೯೪೫

ಅಣ್ಣಾ,

ಅಂಚೆ ಮತ್ತೆ ಶುರುವಾಗಿದೆಯಂತೆ. ಬದುಕಿದ್ದೇನೆ. ಮೊದಲ ಚಳಿಗಾಲದ ಹಸಿವಿನ ವಿಷಯ ಬರೆಯುವುದಿಲ್ಲ. ಚಿಕ್ಕಮ್ಮ ಆ ಚಳಿಗಾಲ ದಾಟಲಿಲ್ಲ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಬೈಯಬೇಡ. ನನ್ನ ಮದುವೆಯಾಗಿ ನಾಲ್ಕು ವರ್ಷವಾಗುತ್ತಾ ಬಂತು. ಹೆಲ್ಮಿಯ ವಿಷಯ ಬರೆದ ನಿನ್ನ ಪತ್ರ ಬಂದ ದಿನವೇ ತೀರ್ಮಾನ ಮಾಡಿದ್ದೆ. ಬರೆದರೆ ನೀನು ತಡೆಯುತ್ತೀಯ ಅಂತ ಬರೆಯಲಿಲ್ಲ. ಆದರೆ ಗಂಡು ಸಿಗಬೇಕಲ್ಲ? ಬಂದವರನ್ನೆಲ್ಲ ಓಡಿಸಿದವಳು ಅಂತ ಊರಿಗೆಲ್ಲ ಹೆಸರಾಗಿದ್ದೆ, ಆಮೇಲೆ ಯುದ್ಧ ಬಂದು ಗಂಡಸರೆಲ್ಲ ಗಡಿಗೆ ಹೋದರು. ಕೊನೆಗೆ ಸೋಪಿನ ಇಗ್ನಾತಿಸ್ ಒಪ್ಪಿದ. ಹೆಂಡತಿ ತೀರಿಕೊಂಡವನು, ಇಬ್ಬರು ಮಕ್ಕಳು. ಜರ್ಮನ್ನರು ಇಳಿದ ವಾರವೇ ಮದುವೆ. ಕುಣಿತ ಇಲ್ಲ, ವಾದ್ಯ ಇಲ್ಲ, ಪಾದ್ರಿಗಳೂ ಅವಸರದಲ್ಲಿದ್ದರು. ಕಿರೀಟ ತಲೆಗಿಟ್ಟಾಗ ನಾನು ನಿನ್ನನ್ನೇ ನೆನೆದೆ. ನನ್ನ ಅಣ್ಣ ಈಗ ಬಿಡುಗಡೆಯಾದ ಅಂದುಕೊಂಡೆ. ಆ ದಿನ ಬರೆದ ಪತ್ರ ಅಂಚೆ ಕಚೇರಿಯಿಂದ ಮುಂದೆ ಹೋಗಲೇ ಇಲ್ಲ.

ಇಗ್ನಾತಿಸ್ ಕೆಟ್ಟವನಲ್ಲ. ಗಾಜಿನ ಮಾಡಿನ ಕೆಳಗೆ ಸೋಪು ಬೇಗ ಒಣಗುತ್ತದೆ ಅಂತ ಮೊದಲ ತಿಂಗಳೇ ಕಂಡುಕೊಂಡ. ಈಗ ಅಲ್ಲಿ ಸೋಪು ಒಣಗುತ್ತವೆ. ಚೆನ್ನಾಗಿ ಒಣಗುತ್ತವೆ. ನನ್ನ ಪೆನ್ಸಿಲ್ಲುಗಳನ್ನು ಮಕ್ಕಳು ಶಾಲೆಗೆ ಒಯ್ದರು. ಬೇಜಾರಿಲ್ಲ ಅಣ್ಣ, ನಿಜವಾಗಿಯೂ. ಕೆಲವು ದಿನ ಹಿಟ್ಟು ನಾದುವಾಗ ಮನಸ್ಸು ಒಂದು ಥರಾ ಆಗುತ್ತದೆ. ಆಗ ಹೆಲ್ಮಿಯನ್ನು ನೆನೆಯುತ್ತೇನೆ. ಇದನ್ನು ಸುಮ್ಮನೆ ಮಾಡಲಿಲ್ಲವಲ್ಲ ಅನ್ನಿಸಿ ಸಮಾಧಾನವಾಗುತ್ತದೆ.

ಅವಳು ಹೇಗಿದ್ದಾಳೆ? ಕಾದಿದ್ದಾಳೆ ತಾನೆ? ನಿನ್ನಂಥ ಮಂಕನಿಗೆ ಏಳು ವರ್ಷ ಕಾದವಳು ಇನ್ನು ಐದು ವರ್ಷ ಕಾಯದೆ ಇರುತ್ತಾಳಾ? ಇನ್ನು ತಡಮಾಡಬೇಡ. ಒಂದು ಫೋಟೋ ಕಳಿಸು, ಈ ಸಲ ಎದುರಿನಿಂದ.

ನಿನ್ನ ತಂಗಿ,
ಮಿರ್ಸೀನಿ


ಹಾಲಿವುಡ್,
೨೭ ಮೇ ೧೯೪೫

ನನ್ನ ಬಂಗಾರದ ತಂಗಿಗೆ,

ನೀನು ಬದುಕಿರುವ ಸುದ್ದಿ ಬಂತು, ಅದಕ್ಕಿಂತ ದೊಡ್ಡದು ಇನ್ನೇನಿದೆ? ಚಿಕ್ಕಮ್ಮನ ಆತ್ಮಶಾಂತಿಗೆ ಇಲ್ಲಿನ ನಮ್ಮ ಚರ್ಚಿನಲ್ಲಿ ಗೋಧಿಯ ಪ್ರಸಾದ ಮಾಡಿಸಿದೆ. ಭಾವಮೈದುನನಿಗೂ ಮಕ್ಕಳಿಗೂ ಬಟ್ಟೆ, ಸಕ್ಕರೆ, ಔಷಧಿ ಕಳಿಸಿದ್ದೇನೆ. ಪೊಟ್ಟಣದ ತಳದಲ್ಲಿ ಒಂದು ಡಬ್ಬಿ ಪೆನ್ಸಿಲ್ ಇದೆ. ಅದು ಮಕ್ಕಳಿಗಲ್ಲ.

ನನ್ನ ಕೆಲಸ ನಡೆಯುತ್ತಿದೆ. ಮಹಾರಾಣಿ ನಟಿಸುವುದು ಬಿಟ್ಟಳು. ನಾನೀಗ ಕುದುರೆ ಓಡಿಸುವವರ ಚಿತ್ರ ತೆಗೆಯುತ್ತೇನೆ, ಬಿಸಿಲಿನಲ್ಲಿ. ಬಿಸಿಲಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ಹಾಗಾಗಿ ನನ್ನ ನಿಧಾನದ ಬಗ್ಗೆ ದೂರಿಲ್ಲ.

ಹೆಲ್ಮಿ ಕಾದಿದ್ದಳು.

ಹೇಗೆ ಅಂತ ಹೇಳುತ್ತೇನೆ, ನಿನಗೆ ಕಣ್ಣಿಗೆ ಕಟ್ಟಬೇಕು. ನಿನ್ನ ಪತ್ರ ಬಂದಾಗ ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿದ್ದಳು. ಬೆಳಗಿನ ಹೊತ್ತು. ಬೆಳಕು ಎಡದಿಂದ ಬರುತ್ತಿತ್ತು, ಪರದೆ ಅರ್ಧ ಎಳೆದಿತ್ತು, ಹಾಗಾಗಿ ಕಣ್ಣು ಕುಕ್ಕುತ್ತಿರಲಿಲ್ಲ. ಕೂದಲಲ್ಲಿ ಒಂದೆರಡು ಬಿಳಿ ಎಳೆ. ಹಸಿರು ಉಣ್ಣೆ ಹೆಣೆಯುತ್ತಿದ್ದಳು. ನಾನು ನಿನ್ನ ಪತ್ರವನ್ನು ಸಾಲು ಸಾಲಾಗಿ ನಮ್ಮ ಭಾಷೆಯಿಂದ ಅವಳಿಗೆ ಹೇಳಿದೆ. ಸೋಪಿನ ವಿ‍ಷಯ ಬಂದಾಗ ಕೈ ನಿಲ್ಲಿಸಿದಳು. ನೀನು ಹಿಟ್ಟು ನಾದುವಾಗ ಅವಳನ್ನು ನೆನೆಯುತ್ತೀಯ ಅಂದಾಗ ಅತ್ತಳು. ಅವಳು ಅಳುವವಳಲ್ಲ.

ಜೂನ್ ತಿಂಗಳ ಎರಡನೇ ಭಾನುವಾರ ಮದುವೆ. ಇಲ್ಲಿನ ನಮ್ಮ ಪಾದ್ರಿಗಳ ಹತ್ತಿರ ಮಾತಾಡಿದ್ದೇನೆ. ಫೋಟೋ ಕೇಳಬೇಡ ತಂಗಿ, ನಿನ್ನ ಕಣ್ಣಿಗೆ ಅವಳು ಹೆದರುತ್ತಾಳೆ. ಸಿನಿಮಾದ ಕೆಲಸವನ್ನೂ ಬಿಡಿಸಿದ್ದೇನೆ. ಇನ್ನು ನನ್ನ ಚಿತ್ರಗಳಲ್ಲಿ ಅವಳನ್ನು ಹುಡುಕಬೇಡ, ಸಿಗುವುದಿಲ್ಲ. ಮನೆಯಲ್ಲಿರುತ್ತಾಳೆ.

ನೀನು ಮಾಡಿದ್ದು ಒಂದು ಚೂರೂ ವ್ಯರ್ಥವಾಗಲಿಲ್ಲ. ಇದನ್ನು ನಂಬು. ಮನಸ್ಸು ಒಂದು ಥರಾ ಆದಾಗಲೆಲ್ಲ ಈ ಪತ್ರ ತೆಗೆದು ಓದು.

ಈಗ ಬರೆಯುತ್ತಿರುವಾಗಲೂ ಇಲ್ಲೇ ಕೂತಿದ್ದಾಳೆ, ನನ್ನೆದುರಿನ ಕುರ್ಚಿಯಲ್ಲಿ. "ನನ್ನ ತಂಗಿಗೆ ನಿನ್ನ ಕಡೆಯಿಂದ ಏನಂತ ಬರೀಲಿ?" ಅಂತ ಕೇಳಿದೆ.

"ಇನ್ನು ನಾನು ಎದ್ದು ಹೋಗಬೇಕಾಗಿಲ್ಲ ಅಂತ ಬರಿ" ಅಂದಳು.

ಬರೆದಿದ್ದೇನೆ.

ನಿನ್ನ ಅಣ್ಣ,
ಸ್ತ್ರಾತಿಸ್